ನೆಂಟರ ನೆತ್ತರು ಮತ್ತು ವಿಕಿರಣ

ಮನೆಯಲ್ಲಿ ಒಬ್ಬರಿಗೆ ಶಸ್ತ್ರಚಿಕಿತ್ಸೆಯಾಗಬೇಕು, ರಕ್ತ ಬೇಕು ಎಂದು ವೈದ್ಯರು ಹೇಳಿದೊಡನೆ ಮುಂದಾಗುವವರು ಅಣ್ಣತಮ್ಮಂದಿರು, ಮಕ್ಕಳು. ನಮ್ಮವರೇ ಇರುವಾಗ ಹೊರಗಿನವರ ರಕ್ತವೇಕೆ ಎಂಬ ಮಾತು ಸಹಜವಾದದ್ದು. ರಕ್ತಸಂಬಂಧ, ಒಡಹುಟ್ಟು ಎಂಬ ಶಬ್ದಗಳಲ್ಲಿಯೇ ಆ ನಂಬಿಕೆ ಅಡಗಿದೆ. ಆದರೆ ಮನೆಯ ದೀಪವೆಂದು ಮುತ್ತಿಟ್ಟರೆ ಮೀಸೆ ಸುಡದೆ ಇದ್ದೀತೆ ಎಂಬ ಗಾದೆಯೂ ನಮ್ಮಲ್ಲಿಯೇ ಉಂಟು. ರಕ್ತದ ವಿಷಯದಲ್ಲಿ ನಾವು ನೆನೆಯಬೇಕಾದದ್ದು ಈ ಗಾದೆಯನ್ನು.

1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಜಗತ್ತಿಗೆ ತಿಳಿಸಿದರು. ಗುಂಪು ಹೊಂದಿದರೆ ಸಾಕೆಂದು ನಾವು ಭಾವಿಸುತ್ತೇವೆ. ಆದರೆ ಆ ಗುಂಪು ಕೆಂಪು ಕಣಗಳಿಗೆ ಸಂಬಂಧಿಸಿದ್ದು. ರಕ್ತದಲ್ಲಿ ಲಿಂಫೋಸೈಟ್ ಎಂಬ ಬಿಳಿಯ ಕಣಗಳೂ ಇವೆ. ಇವು ದೇಹದ ಕಾವಲುಗಾರರು. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬಂದ ಗುರುತುಗಳನ್ನು ನೋಡಿ ಇವು ತನ್ನವರಾರು, ಪರರಾರು ಎಂದು ಅರಿಯುತ್ತವೆ.

ಅಪರಿಚಿತರ ರಕ್ತದೊಡನೆ ಬಂದ ಲಿಂಫೋಸೈಟುಗಳನ್ನು ನಮ್ಮ ಕಾವಲುಗಾರರು ಒಡನೆಯೇ ಗುರುತಿಸಿ ನಾಶಮಾಡುತ್ತಾರೆ. ಹತ್ತಿರದ ನೆಂಟರದಾದರೋ, ಒಮ್ಮೊಮ್ಮೆ ಗುರುತುಗಳು ಹೇಗೆ ಕೂಡಿರುತ್ತವೆಯೆಂದರೆ, ಮನೆಯವರು ಬಂದವನನ್ನು ತಮ್ಮವನೆಂದೇ ತಿಳಿಯುತ್ತಾರೆ. ಬಂದವನು ಮಾತ್ರ ಮನೆಯವರನ್ನು ಪರರೆಂದು ಕಾಣುತ್ತಾನೆ. ಅವನು ಅಲ್ಲಿಯೇ ನೆಲೆಸಿ, ಸಂತತಿ ಬೆಳಸಿ, ಚರ್ಮ, ಯಕೃತ್ತು, ಕರುಳು, ಮೂಳೆಯೊಳಗಣ ಮಜ್ಜೆ ಇವುಗಳ ಮೇಲೆ ಬೀಳುತ್ತಾನೆ. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಜ್ವರ, ಮೈಮೇಲೆ ಕೆಂಪು ದದ್ದು, ಭೇದಿ ತೋರುತ್ತವೆ. ಈ ವ್ಯಾಧಿ ಬಹಳ ಅಪರೂಪ. ಆದರೆ ಬಂದವರಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ ಉಳಿಯುವುದಿಲ್ಲ. ಬಾರದಂತೆ ತಡೆಯುವುದೇ ಇದಕ್ಕೆ ಮದ್ದು.

ತಡೆಯುವ ಉಪಾಯವೇ ವಿಕಿರಣ. ರಕ್ತದ ಚೀಲವನ್ನು ಯಂತ್ರದಲ್ಲಿಟ್ಟು ಗಾಮಾ ಕಿರಣವನ್ನೋ ಕ್ಷ-ಕಿರಣವನ್ನೋ ಹಾಯಿಸುತ್ತಾರೆ. ಲಿಂಫೋಸೈಟುಗಳು ವೃದ್ಧಿಯಾಗುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಕೆಂಪು ಕಣಗಳೂ ಪ್ಲೇಟ್‌ಲೆಟ್ಟುಗಳೂ ತಾವಾಗಿ ವೃದ್ಧಿಯಾಗುವಂಥವಲ್ಲ. ಅವುಗಳ ಕೆಲಸ ನಡೆದೇ ನಡೆಯುತ್ತದೆ. ಕಿರಣದ ಅಳತೆಗೆ ಬ್ರಿಟನ್ನಿನ ವಿಜ್ಞಾನಿ ಲೂಯಿ ಹೆರಾಲ್ಡ್ ಗ್ರೇ ಅವರ ಹೆಸರಿದೆ. ಬ್ರಿಟನ್ನಿನ 2020ರ ನಿಯಮಗಳಂತೆ ಚೀಲದ ಯಾವ ಭಾಗಕ್ಕೂ 25 ಗ್ರೇಗಿಂತ ಕಡಮೆಯಾಗಬಾರದು, 50ನ್ನು ಮೀರಬಾರದು. ಹಾಗಾದರೆ ಆ ರಕ್ತದಲ್ಲಿ ಕಿರಣ ಉಳಿದು ರೋಗಿಗೆ ತಗಲದೆ? ಇಲ್ಲ. ಎಕ್ಸ್-ರೇ ತೆಗೆಸಿಕೊಂಡವರ ಮೈಯಲ್ಲಿ ಕಿರಣ ಉಳಿಯದಂತೆಯೇ ಇಲ್ಲಿಯೂ ಉಳಿಯದು.

ಇಂತಹ ರಕ್ತ ಎಲ್ಲರಿಗೂ ಬೇಕಿಲ್ಲ. ಹತ್ತಿರದ ನೆಂಟರು ಕೊಟ್ಟ ರಕ್ತಕ್ಕೆ, ರೋಗಿ ಎಷ್ಟೇ ಗಟ್ಟಿಯಾಗಿದ್ದರೂ, ಕಿರಣ ಹಾಯಿಸಬೇಕು. ಗರ್ಭದಲ್ಲಿರುವ ಶಿಶುವಿಗೆ ಕೊಡುವ ರಕ್ತಕ್ಕೆ, ಮಜ್ಜೆಯ ಕಸಿಯಾದವರಿಗೆ, ಹಾಜ್‌ಕಿನ್ ರೋಗದವರಿಗೆ, ಫ್ಲೂಡರಬಿನ್‌ನಂತಹ ಔಷಧ ಪಡೆದವರಿಗೆ ಇದು ಅಗತ್ಯ. ಹೆಪ್ಪುಗಟ್ಟಿಸಿಟ್ಟ ಪ್ಲಾಸ್ಮಾಕ್ಕೆ ಬೇಡ. ಕಿರಣ ಹಾಯ್ದ ಕೆಂಪು ಕಣಗಳಿಂದ ಪೊಟ್ಯಾಸಿಯಂ ಬೇಗ ಸೋರುವುದರಿಂದ ಅವನ್ನು ಬಹುಕಾಲ ಇಡಲಾಗದು. ಬ್ರಿಟನ್ನಿನ ನಿಯಮ 14 ದಿನ. ಗರ್ಭಸ್ಥ ಶಿಶುವಿಗಾದರೆ 24 ಗಂಟೆಯೊಳಗೆ ಕೊಡಬೇಕು.

ಜಪಾನಿನ ಜನರಲ್ಲಿ ಈ ಗುರುತುಗಳು ಪರಸ್ಪರ ಹೆಚ್ಚು ಹೋಲುತ್ತವೆ. ಅಲ್ಲಿ ನೆಂಟರಲ್ಲದವರ ರಕ್ತದಿಂದಲೂ, ವಿಶೇಷವಾಗಿ ಹೃದಯದ ಶಸ್ತ್ರಚಿಕಿತ್ಸೆಯ ಬಳಿಕ, ಈ ಸಾವುಗಳು ಸಂಭವಿಸುತ್ತಿದ್ದವು. 1998ರಲ್ಲಿ ಅಲ್ಲಿಯ ರೆಡ್‌ಕ್ರಾಸ್ ಕಿರಣ ಹಾಯಿಸಿದ ರಕ್ತವನ್ನು ಒದಗಿಸತೊಡಗಿತು. 2000ದ ಬಳಿಕ ಈ ರೋಗ ಅಲ್ಲಿ ಖಚಿತಪಟ್ಟಿಲ್ಲ.

ನಮ್ಮ ಎಲ್ಲ ರಕ್ತನಿಧಿಗಳಲ್ಲಿಯೂ ಈ ಯಂತ್ರವಿಲ್ಲ. ಆದುದರಿಂದ ಮನೆಯವರು ಮಾಡಬೇಕಾದದ್ದು ಇಷ್ಟು: ರಕ್ತ ಕೊಡುವವರು ರೋಗಿಗೆ ಏನಾಗಬೇಕು, ರೋಗಿ ಹಿಂದೆ ಯಾವ ಔಷಧ ಪಡೆದಿದ್ದಾರೆ ಎಂಬುದನ್ನು ವೈದ್ಯರಿಗೆ ಮರೆಮಾಚದೆ ತಿಳಿಸುವುದು. ಪ್ರಾಣವೇ ಹೋಗುವಂತಿರುವಾಗ ಯಂತ್ರಕ್ಕಾಗಿ ಕಾಯುತ್ತ ರಕ್ತವನ್ನು ತಡಮಾಡಲಾಗದು. ಅದನ್ನು ವೈದ್ಯರೇ ನಿಶ್ಚಯಿಸಬೇಕು. ಸಮಯವಿರುವಾಗಲಾದರೋ ಅಣ್ಣನ ರಕ್ತ ನಿಧಿಗೆ ಸೇರಿ ಮತ್ತಾರನ್ನೋ ಉಳಿಸಲಿ. ತಮ್ಮನಿಗೆ ಪರೀಕ್ಷೆಯಾದ ಅಪರಿಚಿತರ ರಕ್ತ ದೊರೆಯಲಿ. ಇದರಿಂದ ಅಣ್ಣನ ಪ್ರೀತಿಗೆ ಯಾವ ಕುಂದೂ ಇಲ್ಲ.