ಹಳೆಯ ಸ್ಪೋರ್ಟ್ಸ್ ಕಾರಿನ ಪೆಟ್ರೋಲು ಎಲ್ಲಿ ಹೋಗುತ್ತದೆ?

ಶಕ್ತಿಯು ನಾಶವಾಗುವುದಿಲ್ಲ, ಒಂದು ರೂಪದಿಂದ ಮತ್ತೊಂದು ರೂಪಕ್ಕೆ ಮಾರ್ಪಡುತ್ತದೆ. ವಿದ್ಯಾರ್ಥಿಗಳೆಲ್ಲರಿಗೂ ಬಾಯಿಪಾಠವಾಗಿರುವ ಈ ನಿಯಮವು ಉತ್ತರಪತ್ರಿಕೆಗೆ ಮಾತ್ರ ಮೀಸಲಾದುದಲ್ಲ. ಮೋಟಾರುಗಾಡಿಯೊಂದು ಮೊದಲಿಗಿಂತ ಹೆಚ್ಚು ಪೆಟ್ರೋಲನ್ನು ಕುಡಿಯತೊಡಗಿದಾಗ ಅದರ ಕಾರಣವನ್ನು ಹುಡುಕಲು ನಮಗೆ ದಾರಿದೀಪವಾಗುವುದೂ ಇದೇ ನಿಯಮ. ಟ್ಯಾಂಕಿಗೆ ತುಂಬಿದ ಪೆಟ್ರೋಲಿನಲ್ಲಿ ಅಡಗಿದ್ದ ಶಕ್ತಿಯು ಎಲ್ಲಿಗಾದರೂ ಹೋಗಿರಲೇಬೇಕು. ಎಲ್ಲಿಗೆ ಎಂಬುದನ್ನು ಕ್ರಮವರಿತು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಉದಾಹರಣೆಗಾಗಿ ಪ್ರಸಿದ್ಧವಾದ ಒಂದು ಗಾಡಿಯನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನ ಆಬಿಂಗ್ಡನ್ ಪಟ್ಟಣದಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರುಗಳ ಸಂಖ್ಯೆ 5 ಲಕ್ಷವನ್ನು ಮೀರಿದೆ. ಅವುಗಳಲ್ಲಿ ಬಹುಪಾಲು ಅಮೆರಿಕಕ್ಕೆ ಹೋದುವು. ಇಂದಿಗೂ ಸಾವಿರಾರು ಗಾಡಿಗಳನ್ನು ಅವುಗಳ ಒಡೆಯರು ಅಕ್ಕರೆಯಿಂದ ಕಾಪಾಡಿಕೊಂಡು ಬಂದಿದ್ದಾರೆ. ಇದರ ನಾಲ್ಕು ಸಿಲಿಂಡರುಗಳ, 1798 ಘನ ಸೆಂಟಿಮೀಟರುಗಳ ಎಂಜಿನ್ನು ನಮಗೆ ತೀರ ಅಪರಿಚಿತವೇನೂ ಅಲ್ಲ. ನಮ್ಮ ಅಂಬಾಸಡರ್ ಗಾಡಿಯಲ್ಲಿ ಬಹುಕಾಲ ಬಳಕೆಯಲ್ಲಿದ್ದ 1489 ಘನ ಸೆಂಟಿಮೀಟರುಗಳ ಎಂಜಿನ್ನೂ ಇದೇ ವಂಶದ್ದು.

ಶಕ್ತಿಯ ಜಮಾಖರ್ಚು

ಇಬ್ಬರು ಪ್ರಯಾಣಿಕರೊಡನೆ ಈ ಗಾಡಿಯ ರಾಶಿಯು ಸುಮಾರು 1,100 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸಮತಟ್ಟಾದ ರಸ್ತೆಯ ಮೇಲೆ ಓಡುವಾಗ ಅದನ್ನು ತಡೆಯುವ ಬಲಗಳು ಮುಖ್ಯವಾಗಿ ಎರಡು. ಟೈರುಗಳ ಉರುಳುವಿಕೆಯ ತಡೆ ಸುಮಾರು 160 ನ್ಯೂಟನ್, ಗಾಳಿಯ ತಡೆ ಸುಮಾರು 210 ನ್ಯೂಟನ್. ಒಟ್ಟು 370 ನ್ಯೂಟನ್. ಅಂದಮೇಲೆ ಒಂದು ಕಿಲೋಮೀಟರ್ ಚಲಿಸಲು ಬೇಕಾದ ಕೆಲಸ 370 ಕಿಲೋಜೌಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32,000 ಕಿಲೋಜೌಲ್ ಶಕ್ತಿಯಿದೆ. ಅದೆಲ್ಲವೂ ಚಕ್ರಗಳಿಗೆ ತಲಪಿದ್ದರೆ ಗಾಡಿಯು ಲೀಟರಿಗೆ 86 ಕಿಲೋಮೀಟರ್ ಓಡಬೇಕಾಗಿತ್ತು!

ವಾಸ್ತವದಲ್ಲಿ ಹಾಗಾಗುವುದಿಲ್ಲ. ಶಾಖದ ಬಹುಭಾಗವು ಹೊಗೆಯೊಡನೆಯೂ ರೇಡಿಯೇಟರಿನ ನೀರಿನೊಡನೆಯೂ ಹೊರಟುಹೋಗುತ್ತದೆ. ಹಗುರವಾದ ಹೊರೆಯಲ್ಲಿ ಓಡುವ ಹಳೆಯ ಎಂಜಿನ್ನಿನಿಂದ ಶೇಕಡ 15ರಷ್ಟು ಶಕ್ತಿ ಚಕ್ರಗಳಿಗೆ ದೊರೆತರೆ ಅದೇ ಬಹಳ. ಆ ಲೆಕ್ಕದಂತೆ ಲೀಟರಿಗೆ ಸುಮಾರು 13 ಕಿಲೋಮೀಟರ್ ಬರಬೇಕು. ಇದು ಒಂದೇ ವೇಗದ ಓಟದ ಮಾತು. ಊರೊಳಗೆ ನಿಂತು ನಿಂತು ಸಾಗುವಾಗ ಇನ್ನೂ ಕಡಿಮೆ. ಆದರೆ ತೆರೆದ ರಸ್ತೆಯ ಮೇಲೂ ಗಾಡಿಯು 9 ಕಿಲೋಮೀಟರನ್ನು ಮೀರದಿದ್ದರೆ ಎಲ್ಲಿಯೋ ಸೋರಿಕೆಯಿದೆ ಎಂದೇ ತಿಳಿಯಬೇಕು.

ಮೊದಲು ಅಳತೆ

ರೋಗವಿದೆಯೆ ಎಂಬುದನ್ನು ನಿಶ್ಚಯಿಸದೆ ಔಷಧವನ್ನು ಕೊಡುವುದು ಸಲ್ಲದು. ಇಂಗ್ಲೆಂಡಿನ ಗ್ಯಾಲನ್ 4.546 ಲೀಟರ್, ಅಮೆರಿಕದ ಗ್ಯಾಲನ್ 3.785 ಲೀಟರ್ ಮಾತ್ರ. ಇಂಗ್ಲೆಂಡಿನ ಪುಸ್ತಕದಲ್ಲಿ ಗ್ಯಾಲನ್ನಿಗೆ 25 ಮೈಲಿ ಎಂದು ಓದಿದ ಅಮೆರಿಕದ ಒಡೆಯನು ತನ್ನ ಗಾಡಿಯು 21 ಮೈಲಿ ಮಾತ್ರ ಓಡುತ್ತದೆಂದು ಕೊರಗಿದರೆ, ಆ ಗಾಡಿಯಲ್ಲಿ ಯಾವ ದೋಷವೂ ಇಲ್ಲ. ಎರಡೂ ಒಂದೇ ಅಳತೆ!

ಟೈರುಗಳನ್ನೂ ಗಮನಿಸಬೇಕು. ದೂರವನ್ನು ತೋರಿಸುವ ಮೀಟರು ಎಣಿಸುವುದು ಚಕ್ರದ ಸುತ್ತುಗಳನ್ನೇ ಹೊರತು ರಸ್ತೆಯ ಉದ್ದವನ್ನಲ್ಲ. ಮೂಲ ಅಳತೆಗಿಂತ ಶೇಕಡ 4ರಷ್ಟು ದೊಡ್ಡದಾದ ಟೈರನ್ನು ಹಾಕಿದ್ದರೆ ಗಾಡಿಯು 104 ಕಿಲೋಮೀಟರ್ ಓಡಿದಾಗ ಮೀಟರು 100 ಎಂದು ತೋರಿಸುತ್ತದೆ. ಆದುದರಿಂದ ಕಿಲೋಮೀಟರ್ ಕಲ್ಲುಗಳೊಡನೆ ಮೀಟರನ್ನು ಹೋಲಿಸಿ ನೋಡುವುದು ಅವಶ್ಯ. ಟ್ಯಾಂಕನ್ನು ಒಂದೇ ಬಂಕಿನಲ್ಲಿ, ಒಂದೇ ಮಟ್ಟಕ್ಕೆ ತುಂಬಿಸಿ, ಕೊನೆಯ ಪಕ್ಷ ಮೂರು ಬಾರಿಯ ಸರಾಸರಿಯನ್ನು ತೆಗೆದುಕೊಳ್ಳಬೇಕು.

ಪೆಟ್ರೋಲೂ ಮೊದಲಿನದಲ್ಲ. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಸುಮಾರು 21,000 ಕಿಲೋಜೌಲ್ ಮಾತ್ರ. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯವಾಗಿ ಮಾರುವ ಪೆಟ್ರೋಲಿನಲ್ಲಿ ಶೇಕಡ 10ರವರೆಗೆ ಎಥನಾಲ್ ಇರುತ್ತದೆ; ನಮ್ಮ ದೇಶದಲ್ಲಿ 2025ರ ವೇಳೆಗೆ ಈ ಪ್ರಮಾಣ ಶೇಕಡ 20ಕ್ಕೆ ಏರಿತು. ಶೇಕಡ 10ರ ಮಿಶ್ರಣದಲ್ಲಿ ಶಕ್ತಿಯು ಸುಮಾರು ಶೇಕಡ 3ರಷ್ಟೂ, ಶೇಕಡ 20ರ ಮಿಶ್ರಣದಲ್ಲಿ ಸುಮಾರು ಶೇಕಡ 7ರಷ್ಟೂ ಕಡಿಮೆಯಾಗುತ್ತದೆ. ಎಥನಾಲು ಹಳೆಯ ರಬ್ಬರ್ ಕೊಳವೆಗಳನ್ನು ಕೆಡಿಸಬಲ್ಲುದಾದ್ದರಿಂದ ಅವುಗಳನ್ನು ಪರೀಕ್ಷಿಸಲೇಬೇಕು. ಗಾಡಿಯ ಸುತ್ತ ಪೆಟ್ರೋಲಿನ ವಾಸನೆ ಬಂದರೆ ಅದು ಮಿತವ್ಯಯದ ಪ್ರಶ್ನೆಯಲ್ಲ, ಬೆಂಕಿಯ ಪ್ರಶ್ನೆ. ಅದನ್ನು ಸರಿಪಡಿಸುವವರೆಗೆ ಗಾಡಿಯನ್ನು ಹೊರಡಿಸಬಾರದು.

ಎಂಜಿನ್ನಿನ ಹೊರಗಿನ ನಷ್ಟಗಳು

ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿ, ಗೇರನ್ನು ತೆಗೆದು, ಕೈಯಿಂದ ತಳ್ಳಿ ನೋಡಿ. ಒಬ್ಬನೇ ತಳ್ಳಿದರೂ ಅದು ಸರಾಗವಾಗಿ ಉರುಳಬೇಕು. ಉರುಳದಿದ್ದರೆ ಬ್ರೇಕುಗಳು ಪೂರ್ತಿಯಾಗಿ ಬಿಡುತ್ತಿಲ್ಲವೆಂದು ಸಂಶಯಪಡಬಹುದು. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿದ ಮೇಲೆ ಚಕ್ರಗಳ ಹತ್ತಿರಕ್ಕೆ, ಮುಟ್ಟದಂತೆ, ಅಂಗೈಯನ್ನು ಹಿಡಿದರೆ ಯಾವ ಚಕ್ರವು ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿದೆಯೆಂಬುದು ತಿಳಿಯುತ್ತದೆ. ಪೆಟ್ರೋಲಿನ ಶಕ್ತಿಯ ಒಂದು ಪಾಲು ಅಲ್ಲಿ ಶಾಖವಾಗಿ ವ್ಯರ್ಥವಾಗುತ್ತಿದೆ. ಟೈರುಗಳಲ್ಲಿ ಗಾಳಿ ಕಡಿಮೆಯಾಗಿದ್ದರೂ ಇದೇ ಬಗೆಯ ನಷ್ಟ.

ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆಂಬುದನ್ನು ಮರೆಯಬಾರದು. 80ರ ವೇಗದಲ್ಲಿ 210 ನ್ಯೂಟನ್ ಆಗಿದ್ದ ತಡೆಯು 110ರಲ್ಲಿ ಸುಮಾರು 400 ನ್ಯೂಟನ್ ಆಗುತ್ತದೆ. ಇಲ್ಲಿ ತಪ್ಪು ಗಾಡಿಯದಲ್ಲ, ಚಾಲಕನ ಬಲಗಾಲಿನದು.

ಕಿಡಿಯ ವೇಳೆ

ಸಿಲಿಂಡರಿನೊಳಗಣ ಮಿಶ್ರಣವು ಒಮ್ಮೆಗೇ ಉರಿದುಹೋಗುವುದಿಲ್ಲ. ಜ್ವಾಲೆಯು ಹರಡಲು ಸ್ವಲ್ಪ ಕಾಲ ಬೇಕು. ಆದುದರಿಂದ ಪಿಸ್ಟನ್ನು ತುದಿಯನ್ನು ಮುಟ್ಟುವ ಮೊದಲೇ ಕಿಡಿಯನ್ನು ಹಾರಿಸಬೇಕು. ಹಗುರವಾದ ಹೊರೆಯಲ್ಲಿ ಸಿಲಿಂಡರಿಗೆ ಬರುವ ಮಿಶ್ರಣ ವಿರಳವಾಗಿದ್ದು ನಿಧಾನವಾಗಿ ಉರಿಯುವುದರಿಂದ ಕಿಡಿಯು ಇನ್ನೂ ಮುಂಚೆ ಬರಬೇಕು. ಈ ಕೆಲಸವನ್ನು ಮಾಡುವುದು ಡಿಸ್ಟ್ರಿಬ್ಯೂಟರಿಗೆ ಜೋಡಿಸಿದ ಒಂದು ಪುಟ್ಟ ಡಬ್ಬಿ. ಅದರೊಳಗಿನ ತೆಳುಪೊರೆಯನ್ನು ಎಂಜಿನ್ನಿನ ಹೀರಿಕೆಯು ಎಳೆದು ಕಿಡಿಯ ವೇಳೆಯನ್ನು ಹಿಂದಕ್ಕೆ ಮುಂದಕ್ಕೆ ಸರಿಸುತ್ತದೆ.

ದಶಕಗಳು ಕಳೆದ ಮೇಲೆ ಈ ಪೊರೆಯು ಹರಿಯುವುದುಂಟು. ಹರಿದರೂ ಎಂಜಿನ್ನು ಸುಲಭವಾಗಿ ಹೊರಡುತ್ತದೆ. ಪೂರ್ಣ ಶಕ್ತಿಯಿಂದ ಓಡುವಾಗ ಹೀರಿಕೆಯೇ ಇಲ್ಲದಿರುವುದರಿಂದ ಯಾವ ವ್ಯತ್ಯಾಸವೂ ಕಾಣಿಸದು. ನಷ್ಟವಾಗುವುದು ಶಾಂತವಾಗಿ ಸಾಗುವಾಗ ಮಾತ್ರ. ಪರೀಕ್ಷೆ ಸುಲಭ: ಎಂಜಿನ್ನನ್ನು ನಿಲ್ಲಿಸಿ, ಕೊಳವೆಯನ್ನು ಎಂಜಿನ್ನಿನ ಕಡೆಯಿಂದ ಬಿಡಿಸಿ, ಹೀರಿಕೆಯ ಪಂಪನ್ನು ಜೋಡಿಸಿ ಎಳೆಯಬೇಕು. ಡಿಸ್ಟ್ರಿಬ್ಯೂಟರಿನೊಳಗಿನ ತಟ್ಟೆಯು ಸರಿದು ಅಲ್ಲಿಯೇ ನಿಂತರೆ ಪೊರೆ ಸರಿಯಾಗಿದೆ.

ಇದರ ಜೊತೆಗೆ ಥರ್ಮೋಸ್ಟಾಟನ್ನೂ ನೋಡಬೇಕು. ಅದು ತೆರೆದೇ ಉಳಿದರೆ ಎಂಜಿನ್ನು ಬೆಚ್ಚಗಾಗುವುದಿಲ್ಲ. ಪೆಟ್ರೋಲು ಚೆನ್ನಾಗಿ ಆವಿಯಾಗುವುದಿಲ್ಲ. ಎಣ್ಣೆಯ ಸ್ನಿಗ್ಧತೆ ಹೆಚ್ಚಾಗಿಯೇ ಇರುತ್ತದೆ. ಕವಾಟಗಳ ಸಂದನ್ನೂ ನಾಲ್ಕು ಸಿಲಿಂಡರುಗಳ ಸಂಪೀಡನವನ್ನೂ ಅಳೆದು ನೋಡಿದ ಮೇಲೆಯೇ ಕಾರ್ಬ್ಯುರೇಟರಿಗೆ ಕೈ ಹಚ್ಚುವುದು ಉಚಿತ.

ಕಾರ್ಬ್ಯುರೇಟರು

ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. 12 ಕಿಲೋಗ್ರಾಂ ಗಾಳಿಗೇ ಒಂದು ಕಿಲೋಗ್ರಾಂ ಪೆಟ್ರೋಲು ಬೆರೆತರೆ ಶೇಕಡ 22ರಷ್ಟು ಇಂಧನ ಹೆಚ್ಚಾಯಿತು. ವಿಶೇಷವೆಂದರೆ ಇದು ಚಾಲಕನಿಗೆ ತಿಳಿಯುವುದೇ ಇಲ್ಲ. ಪೆಟ್ರೋಲು ಕಡಿಮೆಯಾದರೆ ಎಂಜಿನ್ನು ಕೆಮ್ಮುತ್ತದೆ, ಮುಗ್ಗರಿಸುತ್ತದೆ. ಹೆಚ್ಚಾದರೆ ನಯವಾಗಿಯೇ ಓಡುತ್ತದೆ. ಕೊರತೆಗೆ ದನಿಯಿದೆ, ಅಪವ್ಯಯಕ್ಕೆ ದನಿಯಿಲ್ಲ.

ಎಂ.ಜಿ.ಬಿ.ಯ ಮೊದಲ ವರ್ಷಗಳ ಗಾಡಿಗಳಲ್ಲಿ ಎಸ್.ಯು. ಜಾತಿಯ ಎರಡು ಕಾರ್ಬ್ಯುರೇಟರುಗಳಿವೆ. ಇದರ ರಚನೆ ಬಲು ಸರಳ. ಗಾಳಿಯ ದಾರಿಯಲ್ಲಿ ಮೇಲೆ ಕೆಳಗೆ ಆಡುವ ಒಂದು ಪಿಸ್ಟನ್. ಅದರ ಬುಡಕ್ಕೆ ತುದಿಯ ಕಡೆಗೆ ಸಣ್ಣಗಾಗುತ್ತ ಹೋಗುವ ಒಂದು ಸೂಜಿ. ಸೂಜಿಯು ಜೆಟ್ ಎಂಬ ರಂಧ್ರದೊಳಗೆ ಇಳಿದಿರುತ್ತದೆ. ಎಂಜಿನ್ನು ಹೆಚ್ಚು ಗಾಳಿಯನ್ನು ಸೇದಿದಂತೆಲ್ಲ ಪಿಸ್ಟನ್ನೂ ಸೂಜಿಯೂ ಮೇಲೇಳುತ್ತವೆ; ರಂಧ್ರದ ಸಂದು ಹಿಗ್ಗಿ ಹೆಚ್ಚು ಪೆಟ್ರೋಲು ಹೊರಬರುತ್ತದೆ.

ಜೆಟ್ಟಿನ ವ್ಯಾಸ ಸುಮಾರು 2.3 ಮಿಲಿಮೀಟರ್. ಒಂದು ಸ್ಥಾನದಲ್ಲಿ ಸೂಜಿಯ ವ್ಯಾಸ 2.1 ಮಿಲಿಮೀಟರ್ ಇದ್ದು, ತೇಯ್ದು 2.05ಕ್ಕೆ ಇಳಿಯಿತೆನ್ನಿ. ಉಂಗುರಾಕಾರದ ಸಂದಿನ ವಿಸ್ತೀರ್ಣವನ್ನು ವಿದ್ಯಾರ್ಥಿಗಳೇ ಲೆಕ್ಕಮಾಡಿ ನೋಡಲಿ; ಅದು ಸುಮಾರು ಕಾಲುಭಾಗದಷ್ಟು ಹೆಚ್ಚಾಗಿರುತ್ತದೆ. ಕಣ್ಣಿಗೆ ಕಾಣದ ಸವೆತವು ಟ್ಯಾಂಕನ್ನೇ ಬರಿದುಮಾಡಬಲ್ಲುದು! ಚೋಕಿನ ತಂತಿಯು ಬಿಗಿಯಾಗಿ ಹಿಂದಿರುಗದಿದ್ದರೂ ಜೆಟ್ಟು ಕೆಳಗಿಳಿದೇ ನಿಂತು ಇದೇ ಫಲ ದೊರೆಯುತ್ತದೆ.

ಪರೀಕ್ಷೆ ಹೀಗೆ: ಬಿಸಿಯಾದ ಎಂಜಿನ್ನು ನಿಂತಲ್ಲಿಯೇ ತಿರುಗುತ್ತಿರುವಾಗ ಒಂದು ಕಾರ್ಬ್ಯುರೇಟರಿನ ಪಿಸ್ಟನ್ನನ್ನು ಸುಮಾರು ಒಂದು ಮಿಲಿಮೀಟರಿನಷ್ಟು ಮೇಲೆತ್ತಬೇಕು. ಎಂಜಿನ್ನಿನ ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲು ಹೆಚ್ಚಾಗಿದೆ; ಒಡನೆಯೇ ಕುಗ್ಗಿದರೆ ಕಡಿಮೆಯಾಗಿದೆ; ಕ್ಷಣಕಾಲ ತುಸು ಏರಿ ಮತ್ತೆ ಮೊದಲಿನಂತಾದರೆ ಸರಿಯಾಗಿದೆ. ಅನಂತರ ಎರಡನೆಯದಕ್ಕೂ ಹೀಗೆಯೇ ಮಾಡಬೇಕು. ಸ್ಪಾರ್ಕ್ ಪ್ಲಗ್ಗಿನ ತುದಿಯೂ ಸಾಕ್ಷಿ ಹೇಳುತ್ತದೆ: ತಿಳಿಗಂದು ಬಣ್ಣವಿದ್ದರೆ ಕ್ಷೇಮ, ಕಾಡಿಗೆ ಕಟ್ಟಿದ್ದರೆ ಅಪವ್ಯಯ.

ಇದು ಹಣದ ಮಾತು ಮಾತ್ರವಲ್ಲ. ಹೆಚ್ಚಾದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಎಂಜಿನ್ನಿನ ಆಯುಸ್ಸನ್ನು ಕುಗ್ಗಿಸುತ್ತದೆ. ಅರೆಬರೆಯಾಗಿ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣಾಪಹಾರಿ. ಮೇಲಿನ ಪರೀಕ್ಷೆಯನ್ನು ಬಯಲಿನಲ್ಲಿಯೇ ಮಾಡಬೇಕು, ಮುಚ್ಚಿದ ಗ್ಯಾರೇಜಿನಲ್ಲಿ ಎಂದಿಗೂ ಕೂಡದು.

ಹನಿಹನಿಗೂಡಿದರೆ ಹಳ್ಳ

ಎಲ್ಲ ದೋಷಗಳೂ ಸ್ವಲ್ಪ ಸ್ವಲ್ಪವಿರುವ ಗಾಡಿಯೊಂದನ್ನು ಊಹಿಸೋಣ. ಕಾರ್ಬ್ಯುರೇಟರಿನಿಂದ ಶೇಕಡ 20, ಕಿಡಿಯ ವೇಳೆಯಿಂದ 8, ಬ್ರೇಕು ಮತ್ತು ಟೈರುಗಳಿಂದ 7, ತಣ್ಣನೆಯ ಎಂಜಿನ್ನಿನಿಂದ 5ರಷ್ಟು ಹೆಚ್ಚು ಖರ್ಚು ಎನ್ನಿ. ಈ ನಷ್ಟಗಳು ಒಂದನ್ನೊಂದು ಗುಣಿಸುತ್ತವೆ: 1.20 × 1.08 × 1.07 × 1.05 = 1.46. ಲೀಟರಿಗೆ 13 ಕಿಲೋಮೀಟರ್ ಓಡಬೇಕಾದ ಗಾಡಿಯು 9ಕ್ಕೆ ಇಳಿದುದರ ರಹಸ್ಯವಿದು. ದೊಡ್ಡ ಕಳ್ಳನೊಬ್ಬನಿಗಾಗಿ ಹುಡುಕುವವನಿಗೆ ಇಲ್ಲಿ ಯಾರೂ ಸಿಕ್ಕುವುದಿಲ್ಲ.

ಬೇಸತ್ತ ಅನೇಕರು ಮೂಲ ಕಾರ್ಬ್ಯುರೇಟರುಗಳನ್ನು ಕಿತ್ತು ಹೊಸದನ್ನು ಕೂರಿಸುತ್ತಾರೆ. ಬ್ರೇಕು ಹಿಡಿದೇ ಇದ್ದರೆ, ಪೊರೆ ಹರಿದೇ ಇದ್ದರೆ, ಅದರಿಂದ ಪ್ರಯೋಜನವೇನು? ಒಂದು ಬಾರಿಗೆ ಒಂದೇ ಬದಲಾವಣೆ, ಪ್ರತಿಯೊಂದು ಬದಲಾವಣೆಗೂ ಒಂದು ಅಳತೆ: ಪ್ರಯೋಗಶಾಲೆಯ ಈ ಶಿಸ್ತೇ ಇಲ್ಲಿಯೂ ಸಲ್ಲುತ್ತದೆ. ಇದಕ್ಕೆ ಸ್ಪೋರ್ಟ್ಸ್ ಕಾರೇ ಬೇಕೆಂದಿಲ್ಲ. ಮನೆಯ ಸ್ಕೂಟರಿಗೆ ಪೆಟ್ರೋಲು ಹಾಕಿಸಿದಾಗಲೆಲ್ಲ ಲೀಟರುಗಳನ್ನೂ ಕಿಲೋಮೀಟರುಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಆರು ತಿಂಗಳಾದ ಮೇಲೆ ಆ ಅಂಕೆಗಳಿಂದ ಒಂದು ನಕ್ಷೆಯನ್ನು ಎಳೆದರೆ, ಗಾಡಿಯ ಆರೋಗ್ಯವು ಎಂದಿನಿಂದ ಕೆಡತೊಡಗಿತೆಂಬುದನ್ನು ಅದರಲ್ಲಿ ಓದಿಕೊಳ್ಳಬಹುದು.