ದಿಮ್ಮಿ ಮನೆಗಳಲ್ಲಿ ವಾತಾಯನ

ದಿಮ್ಮಿ ಮನೆಗಳಲ್ಲಿ ವಾತಾಯನ ಎಂದರೆ ಮರದ ದಿಮ್ಮಿಗಳನ್ನು ಅಡ್ಡಲಾಗಿ ಒಂದರ ಮೇಲೊಂದು ಪೇರಿಸಿ ಕಟ್ಟಿದ ಮನೆಯೊಳಗಿನ ಬಳಕೆಯಾದ ಗಾಳಿಯನ್ನು ಹೊರಹಾಕಿ, ಹೊರಗಿನ ಶುದ್ಧ ಗಾಳಿಯನ್ನು ಒಳಗೆ ತರುವ ವ್ಯವಸ್ಥೆಯಾಗಿದೆ. ಉತ್ತರ ಯುರೋಪಿನ ಶೀತಪ್ರದೇಶಗಳಲ್ಲಿ, ವಿಶೇಷವಾಗಿ ಫಿನ್ಲೆಂಡಿನಲ್ಲಿ, ದಿಮ್ಮಿಯಿಂದ ಕಟ್ಟಿದ ವಿರಾಮಗೃಹಗಳು ಬಹು ಸಾಮಾನ್ಯ. ಫಿನ್ನಿಷ್ ಭಾಷೆಯಲ್ಲಿ ಇಂತಹ ವಿರಾಮಗೃಹವನ್ನು 'ಮೊಕ್ಕಿ' ಎಂದು ಕರೆಯುತ್ತಾರೆ. ಸುಮಾರು 55 ಲಕ್ಷ ಜನಸಂಖ್ಯೆಯ ಆ ದೇಶದಲ್ಲಿ ಸುಮಾರು 5 ಲಕ್ಷ ವಿರಾಮಗೃಹಗಳಿವೆ. ಹಳೆಯ ದಿಮ್ಮಿ ಮನೆಗಳಲ್ಲಿ ಗೋಡೆಯ ಸಂದುಗಳೂ ಒಲೆಯ ಹೊಗೆಗೂಡೂ ತಾವಾಗಿಯೇ ಗಾಳಿಯನ್ನು ಬದಲಿಸುತ್ತಿದ್ದವು. ಸಂದುಗಳನ್ನು ಬಿಗಿಯಾಗಿ ಮುಚ್ಚಿ ಕಟ್ಟುವ ಆಧುನಿಕ ಮನೆಗಳಲ್ಲಿ ಆ ಕೆಲಸಕ್ಕೆ ಪ್ರತ್ಯೇಕ ಏರ್ಪಾಡು ಅಗತ್ಯವಾಗುತ್ತದೆ.

ಹಿನ್ನೆಲೆ

ಸಾಂಪ್ರದಾಯಿಕ ದಿಮ್ಮಿ ಮನೆಗಳನ್ನು ಪೈನ್ ಅಥವಾ ಸ್ಪ್ರೂಸ್ ಮರದ ಇಡಿಯ ಕಾಂಡಗಳಿಂದ ಕಟ್ಟುತ್ತಿದ್ದರು. ದಿಮ್ಮಿಗಳ ನಡುವಿನ ಸಂದುಗಳಲ್ಲಿ ಒಣಗಿದ ಪಾಚಿಯನ್ನು ತುಂಬುತ್ತಿದ್ದರು. ಮರ ಒಣಗಿದಂತೆ ಬಿರುಕು ಬಿಡುತ್ತಿದ್ದುದರಿಂದ ಗೋಡೆಗಳ ಮೂಲಕ ಗಾಳಿ ಸದಾ ನುಸುಳುತ್ತಿತ್ತು. ಒಲೆ ಉರಿಯುವಾಗ ಕೋಣೆಯ ಗಾಳಿ ಹೊಗೆಗೂಡಿನ ಮೂಲಕ ಮೇಲೇರಿ ಹೊರಹೋಗುತ್ತಿತ್ತು. ಅದರ ಜಾಗಕ್ಕೆ ಸಂದುಗಳಿಂದ ಹೊಸ ಗಾಳಿ ಬರುತ್ತಿತ್ತು. ಹೆಚ್ಚಿನ ವಿರಾಮಗೃಹಗಳು ಬೇಸಿಗೆಯಲ್ಲಿ ಮಾತ್ರ ಬಳಕೆಯಾಗುತ್ತಿದ್ದುದರಿಂದ ಶಾಖದ ನಷ್ಟವೂ ದೊಡ್ಡ ಸಮಸ್ಯೆಯಾಗಿರಲಿಲ್ಲ.

1973ರ ತೈಲ ಬಿಕ್ಕಟ್ಟಿನ ನಂತರ ಶಾಖವನ್ನು ಉಳಿಸುವ ಸಲುವಾಗಿ ಕಟ್ಟಡಗಳನ್ನು ಹೆಚ್ಚು ಬಿಗಿಯಾಗಿ ಕಟ್ಟುವ ಕ್ರಮ ಬೆಳೆಯಿತು. ವಿರಾಮಗೃಹಗಳಿಗೂ ವಿದ್ಯುತ್ತು, ನಲ್ಲಿನೀರು, ಸ್ನಾನಗೃಹಗಳು ಬಂದು, ಅವು ವರ್ಷವಿಡೀ ವಾಸಿಸಬಲ್ಲ ಮನೆಗಳಾದವು. ಇಂದಿನ ದಿಮ್ಮಿಗಳಲ್ಲಿ ಹಲವು ಮರದ ಪಟ್ಟಿಗಳನ್ನು ಅಂಟಿನಿಂದ ಜೋಡಿಸಿ ತಯಾರಿಸಿದವು. ಇವು ಕಡಿಮೆ ಬಿರುಕು ಬಿಡುತ್ತವೆ. ಯಂತ್ರದಿಂದ ಕೊರೆದ ಸಂದುಗಳಲ್ಲಿ ಹಿಗ್ಗುವ ಪಟ್ಟಿಗಳನ್ನು ಇಟ್ಟು ಗಾಳಿ ನುಸುಳದಂತೆ ಮಾಡುತ್ತಾರೆ. ಮನೆ ಎಷ್ಟು ಬಿಗಿಯಾಗಿದೆ ಎಂಬುದನ್ನು ಬಾಗಿಲಿಗೆ ಪಂಖವನ್ನು ಕೂರಿಸಿ, ಒಳಹೊರಗಿನ ನಡುವೆ 50 ಪಾಸ್ಕಲ್ ಒತ್ತಡದ ವ್ಯತ್ಯಾಸ ಉಂಟುಮಾಡಿ ಅಳೆಯಲಾಗುತ್ತದೆ.

ದಿಮ್ಮಿ ಗೋಡೆಯ 'ಉಸಿರಾಟ'

ದಿಮ್ಮಿ ಗೋಡೆ ಉಸಿರಾಡುತ್ತದೆ, ಆದುದರಿಂದ ಅಂತಹ ಮನೆಗೆ ವಾತಾಯನ ಬೇಕಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಇದರಲ್ಲಿ ಅರ್ಧ ಸತ್ಯ ಮಾತ್ರ ಇದೆ. ಮರವು ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಂಡು, ಗಾಳಿ ಒಣಗಿದಾಗ ಅದನ್ನು ಮರಳಿ ಬಿಟ್ಟುಕೊಡುತ್ತದೆ. ಹೀಗಾಗಿ ಬಣ್ಣದ ದಪ್ಪ ಲೇಪವಿಲ್ಲದ ದಿಮ್ಮಿ ಗೋಡೆಯುಳ್ಳ ಕೋಣೆಯಲ್ಲಿ ಆರ್ದ್ರತೆಯ ಏರಿಳಿತ ಮೃದುವಾಗಿರುತ್ತದೆ. ಆದರೆ ಇದು ತೇವಾಂಶದ ತಾತ್ಕಾಲಿಕ ಸಂಗ್ರಹವೇ ಹೊರತು ಗಾಳಿಯ ವಿನಿಮಯವಲ್ಲ. ಇಂಗಾಲದ ಡೈಆಕ್ಸೈಡ್, ಹೊಗೆ, ವಾಸನೆ ಇವು ಯಾವುವೂ ಇಡಿಯ ಮರದ ಮೂಲಕ ಹೊರಹೋಗಿ ಕೋಣೆಯನ್ನು ಶುದ್ಧಗೊಳಿಸುವುದಿಲ್ಲ. ಗೋಡೆ ಹೀರಿಕೊಂಡ ತೇವಾಂಶವನ್ನೂ ಕೊನೆಗೆ ಹೊರಗೆ ಸಾಗಿಸಬೇಕಾದುದು ಗಾಳಿಯೇ.

ಒಳಗಾಳಿಯ ಗುಣಮಟ್ಟ

ಇಂಗಾಲದ ಡೈಆಕ್ಸೈಡ್: ಜರ್ಮನಿಯ ಮ್ಯೂನಿಕ್ ನಗರದ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲಿ ಕೋಣೆಯ ಗಾಳಿಯ ಶುದ್ಧತೆಗೆ ಇಂಗಾಲದ ಡೈಆಕ್ಸೈಡನ್ನು ಅಳತೆಗೋಲಾಗಿ ಸೂಚಿಸಿದರು. ಹತ್ತು ಲಕ್ಷ ಭಾಗ ಗಾಳಿಯಲ್ಲಿ 1000 ಭಾಗ ಎಂಬುದು ಅವರು ಸೂಚಿಸಿದ ಮಿತಿ. ಇಂದು ಹೊರಗಿನ ಗಾಳಿಯಲ್ಲಿಯೇ ಇದರ ಪ್ರಮಾಣ 420 ಭಾಗಗಳನ್ನು ಮೀರಿದೆ. ಮಲಗಿರುವ ವಯಸ್ಕರೊಬ್ಬರು ಗಂಟೆಗೆ ಸುಮಾರು 12 ಲೀಟರ್ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾರೆ. 10 ಚದರ ಮೀಟರ್ ವಿಸ್ತೀರ್ಣ, 2.4 ಮೀಟರ್ ಎತ್ತರದ ಕೋಣೆಯಲ್ಲಿ ಇಬ್ಬರು ಮಲಗಿದ್ದು, ಗಾಳಿ ಸ್ವಲ್ಪವೂ ಬದಲಾಗದಿದ್ದರೆ ಇದರ ಪ್ರಮಾಣ ಗಂಟೆಗೆ ಸುಮಾರು 1000 ಭಾಗದಂತೆ ಏರುತ್ತದೆ. ಅದೇ ಕೋಣೆಗೆ ತಲೆಗೆ ಸೆಕೆಂಡಿಗೆ 6 ಲೀಟರಿನಂತೆ ಹೊರಗಾಳಿ ಬಂದರೆ ಅದು 1000 ಭಾಗದ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಬೆಳಗ್ಗೆ ಎದ್ದಾಗ ತಲೆಭಾರ, ಕೋಣೆಯಲ್ಲಿ ಮಂಕು ವಾಸನೆ ಇವು ಗಾಳಿ ಸಾಲದಿರುವುದರ ಸಾಮಾನ್ಯ ಲಕ್ಷಣಗಳು.

ತೇವಾಂಶ: ವಿಶ್ರಾಂತಿಯಲ್ಲಿರುವ ವ್ಯಕ್ತಿಯೊಬ್ಬರ ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು 40ರಿಂದ 50 ಗ್ರಾಂ ನೀರಾವಿ ಹೊರಬರುತ್ತದೆ. ನಾಲ್ವರು ಎಂಟು ಗಂಟೆ ನಿದ್ರಿಸಿದರೆ ಸುಮಾರು ಒಂದೂವರೆ ಲೀಟರ್ ನೀರು ಗಾಳಿಗೆ ಸೇರಿದಂತಾಯಿತು. ಅಡುಗೆ, ಸ್ನಾನ, ಒದ್ದೆ ಬಟ್ಟೆಗಳಿಂದ ಬರುವುದು ಇದಕ್ಕೆ ಹೆಚ್ಚುವರಿ. ಈ ಆವಿ ತಣ್ಣನೆಯ ಕಿಟಕಿಯ ಗಾಜಿನ ಮೇಲೆ ಹನಿಗಟ್ಟುತ್ತದೆ. ಮಾಡಿನ ಸಂದುಗಳಲ್ಲಿ ನುಸುಳಿದರೆ ಕಣ್ಣಿಗೆ ಕಾಣದಂತೆ ಮರವನ್ನು ತೋಯಿಸುತ್ತದೆ. ಸಾಪೇಕ್ಷ ಆರ್ದ್ರತೆ ದೀರ್ಘಕಾಲ ಶೇ. 80ನ್ನು ಮೀರಿದರೆ ಮರದ ಮೇಲೆ ಬೂಷ್ಟು ಬೆಳೆಯತೊಡಗುತ್ತದೆ.

ಕಡು ಚಳಿಯಲ್ಲಿ ಇದಕ್ಕೆ ವಿರುದ್ಧವಾದ ತೊಂದರೆ ಕಾಣಿಸಿಕೊಳ್ಳುತ್ತದೆ. ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1 ಗ್ರಾಂ ಆವಿಯನ್ನಷ್ಟೇ ಹಿಡಿದಿಡಬಲ್ಲದು. 20 ಡಿಗ್ರಿಯಲ್ಲಿ ಅದು 17 ಗ್ರಾಂ. ಹೊರಗಿನ ಅಂತಹ ಗಾಳಿಯನ್ನು ಒಳತಂದು ಬೆಚ್ಚಗೆ ಮಾಡಿದರೆ ಅದು ಅತಿ ಶುಷ್ಕವಾಗುತ್ತದೆ. ಆದ್ದರಿಂದ ವಾತಾಯನ ಅಗತ್ಯಕ್ಕಿಂತ ಹೆಚ್ಚಾದರೆ ಗಂಟಲು ಒಣಗುತ್ತದೆ, ದಿಮ್ಮಿಗಳಲ್ಲಿ ಬಿರುಕುಗಳೂ ಅಗಲವಾಗುತ್ತವೆ.

ಇಂಗಾಲದ ಮೊನಾಕ್ಸೈಡ್: ಒಲೆಯುಳ್ಳ ಮನೆಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ಈ ಅನಿಲ. ಇದಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಶಾಖ ಹೊರಹೋಗದಿರಲೆಂದು ಕೆಂಡ ಆರುವ ಮೊದಲೇ ಹೊಗೆಗೂಡಿನ ಮುಚ್ಚಳವನ್ನು ಹಾಕುವುದು ಈ ವಿಷಾನಿಲ ಕೋಣೆಯಲ್ಲಿ ತುಂಬಲು ಪ್ರಮುಖ ಕಾರಣ. ಇನ್ನೊಂದು ಕಾರಣ ಅಡುಗೆಮನೆಯ ಹೊಗೆ ಹೀರುವ ಪಂಖ. ಬಿಗಿಯಾದ ಮನೆಯಲ್ಲಿ ಹೊರಗಾಳಿಗೆ ದಾರಿಯಿಲ್ಲದೆ ಈ ಪಂಖ ತಿರುಗಿದರೆ, ಅದು ಹೊಗೆಗೂಡಿನ ಮೂಲಕವೇ ಗಾಳಿಯನ್ನು ಕೆಳಕ್ಕೆ ಎಳೆದು ಒಲೆಯ ಅನಿಲಗಳನ್ನು ಕೋಣೆಗೆ ತರುತ್ತದೆ. ಆದುದರಿಂದ ಒಲೆಗೆ ಪ್ರತ್ಯೇಕ ಗಾಳಿಕೊಳವೆ ಇರಬೇಕು. ಒಲೆ ಹೊತ್ತಿಸುವಾಗ ಪಂಖವನ್ನು ನಿಲ್ಲಿಸಬೇಕು. ಸಾಮಾನ್ಯ ಹೊಗೆ ಎಚ್ಚರಿಕೆ ಗಂಟೆ ಈ ಅನಿಲವನ್ನು ಗುರುತಿಸುವುದಿಲ್ಲ. ಇದಕ್ಕೆ ಬೇರೆಯೇ ಉಪಕರಣ ಬೇಕು.

ರೇಡಾನ್: ಮಣ್ಣು ಮತ್ತು ಕಲ್ಲಿನಲ್ಲಿರುವ ಯುರೇನಿಯಂನಿಂದ ಹುಟ್ಟುವ ಈ ವಿಕಿರಣಶೀಲ ಅನಿಲ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಫಿನ್ಲೆಂಡಿನಲ್ಲಿ ಹೊಸ ಮನೆಗಳಿಗೆ ಘನ ಮೀಟರಿಗೆ 200 ಬೆಕೆರೆಲ್, ಹಳೆಯವುಗಳಿಗೆ 300 ಬೆಕೆರೆಲ್ ಎಂಬ ಮಟ್ಟಗಳನ್ನು ನಿಗದಿಪಡಿಸಲಾಗಿದೆ. ಕಂಬಗಳ ಮೇಲೆ ನಿಂತು, ನೆಲದ ಕೆಳಗೆ ಗಾಳಿಯಾಡುವ ದಿಮ್ಮಿ ಮನೆಗಳಲ್ಲಿ ರೇಡಾನ್ ಸಾಮಾನ್ಯವಾಗಿ ಕಡಿಮೆ. ನೆಲಕ್ಕೆ ತಾಗಿದಂತೆ ಕಾಂಕ್ರೀಟ್ ಹಾಸು ಹಾಕಿದ ಮನೆಗಳಲ್ಲಿ ಅದರ ಬಿರುಕುಗಳಿಂದ ಈ ಅನಿಲ ಒಳಬರುವ ಸಾಧ್ಯತೆ ಹೆಚ್ಚು.

ವಾತಾಯನದ ವಿಧಗಳು

ನೈಸರ್ಗಿಕ ವಾತಾಯನ: ಬೆಚ್ಚನೆಯ ಗಾಳಿ ಹಗುರವಾಗಿ ಮೇಲೇರುವ ಗುಣವನ್ನು ಇದು ಬಳಸಿಕೊಳ್ಳುತ್ತದೆ. ಒಳಗೆ 20 ಡಿಗ್ರಿ, ಹೊರಗೆ ಮೈನಸ್ 20 ಡಿಗ್ರಿ ಇದ್ದಾಗ 4 ಮೀಟರ್ ಎತ್ತರದ ಕೊಳವೆಯಲ್ಲಿ ಸುಮಾರು 7 ಪಾಸ್ಕಲ್ ಸೆಳೆತ ಉಂಟಾಗುತ್ತದೆ. ಒಳಹೊರಗಿನ ಉಷ್ಣತೆ ಒಂದೇ ಆದಾಗ ಈ ಸೆಳೆತ ಇರುವುದಿಲ್ಲ. ಆಗ ಗಾಳಿಯ ಬೀಸುವಿಕೆಯನ್ನೇ ಅವಲಂಬಿಸಬೇಕಾಗುತ್ತದೆ. ಹೀಗೆ ಈ ವ್ಯವಸ್ಥೆ ಚಳಿಗಾಲದಲ್ಲಿ ಅತಿಯಾಗಿ, ಬೇಸಿಗೆಯಲ್ಲಿ ಮಂದವಾಗಿ ಕೆಲಸ ಮಾಡುತ್ತದೆ. ವಿದ್ಯುತ್ತಿಲ್ಲದ ಕಡೆ ಇದೊಂದೇ ದಾರಿ.

ಯಾಂತ್ರಿಕ ನಿರ್ಗಮ ವಾತಾಯನ: ಪಂಖವು ಅಡುಗೆಮನೆ, ಸ್ನಾನಗೃಹ, ಶೌಚಾಲಯಗಳಿಂದ ಗಾಳಿಯನ್ನು ಹೊರಹಾಕುತ್ತದೆ. ಮಲಗುವ ಕೋಣೆಗಳ ಗೋಡೆಯಲ್ಲಿ ಇಟ್ಟ ಗಾಳಿಕಿಂಡಿಗಳಿಂದ ಹೊಸ ಗಾಳಿ ಬರುತ್ತದೆ. ಚಳಿಗಾಳಿ ಬೀಸುತ್ತದೆಂದು ನಿವಾಸಿಗಳು ಈ ಕಿಂಡಿಗಳನ್ನು ಮುಚ್ಚಿಬಿಟ್ಟರೆ ವ್ಯವಸ್ಥೆಯೇ ವ್ಯರ್ಥವಾಗುತ್ತದೆ.

ಶಾಖ ಮರಳಿ ಪಡೆಯುವ ಯಾಂತ್ರಿಕ ವಾತಾಯನ: ಗಾಳಿಯ ಆಗಮನ, ನಿರ್ಗಮನ ಎರಡಕ್ಕೂ ಪಂಖಗಳಿದ್ದು, ಹೊರಹೋಗುವ ಗಾಳಿಯ ಶಾಖದಿಂದ ಒಳಬರುವ ಗಾಳಿಯನ್ನು ಬೆಚ್ಚಗೆ ಮಾಡಲಾಗುತ್ತದೆ. ಒಳಬರುವ ಗಾಳಿಗಿಂತ ಹೊರಹೋಗುವ ಗಾಳಿ ತುಸು ಹೆಚ್ಚಿರುವಂತೆ ಇದನ್ನು ಹೊಂದಿಸುತ್ತಾರೆ. ಇಲ್ಲದಿದ್ದರೆ ಒಳಗಿನ ಒತ್ತಡ ಹೆಚ್ಚಿ ತೇವಭರಿತ ಗಾಳಿ ದಿಮ್ಮಿಯ ಸಂದುಗಳಿಗೂ ಮಾಡಿಗೂ ನುಗ್ಗುತ್ತದೆ. ಈ ವ್ಯತ್ಯಾಸ ಅತಿಯಾದರೆ ಮೇಲೆ ಹೇಳಿದ ಹೊಗೆಗೂಡಿನ ಅಪಾಯ ತಲೆದೋರುತ್ತದೆ.

ದಿಮ್ಮಿಯ ಕುಸಿತ

ದಿಮ್ಮಿಗಳು ಒಣಗಿ ಕುಗ್ಗುವುದರಿಂದಲೂ ಭಾರದಿಂದ ಒತ್ತಲ್ಪಡುವುದರಿಂದಲೂ ಮೊದಲ ಕೆಲವು ವರ್ಷಗಳಲ್ಲಿ ಗೋಡೆ ಕೆಳಕ್ಕೆ ಇಳಿಯುತ್ತದೆ. ದಿಮ್ಮಿಯ ಬಗೆಯನ್ನು ಅನುಸರಿಸಿ ಪ್ರತಿ ಮೀಟರ್ ಎತ್ತರಕ್ಕೆ ಇದು ಸುಮಾರು 10ರಿಂದ 50 ಮಿಲಿಮೀಟರ್ ಇರುತ್ತದೆ. ಇಟ್ಟಿಗೆಯ ಹೊಗೆಗೂಡು ಹೀಗೆ ಇಳಿಯುವುದಿಲ್ಲ. ಆದುದರಿಂದ ನೇರವಾಗಿ ನಿಂತ ಗಾಳಿಕೊಳವೆಗಳಲ್ಲಿ ಒಂದರೊಳಗೊಂದು ಜಾರುವ ಕೀಲುಗಳನ್ನು ಇಡಬೇಕು. ಹೊಗೆಗೂಡು ಮಾಡನ್ನು ದಾಟುವಲ್ಲಿ ಜಾರಲು ಅವಕಾಶ ಬಿಡಬೇಕು. ಕೊಳವೆಗಳ ರಂಧ್ರಗಳನ್ನು ದಿಮ್ಮಿ ಕೊರೆಯುವ ಮೊದಲೇ ನಕ್ಷೆಯಲ್ಲಿ ಗುರುತಿಸುವುದು ರೂಢಿ. ಕಟ್ಟಿದ ನಂತರ ಇವನ್ನು ಸೇರಿಸುವುದು ಕಷ್ಟ.

ಸೌನಾ

ಫಿನ್ಲೆಂಡಿನ ಬಹುತೇಕ ವಿರಾಮಗೃಹಗಳಲ್ಲಿ ಸೌನಾ ಎಂಬ ಬಿಸಿ ಸ್ನಾನದ ಕೋಣೆ ಇರುತ್ತದೆ. ಸೌನಾ ಸಂಸ್ಕೃತಿಯನ್ನು ಯುನೆಸ್ಕೋ 2020ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾದ ಕಲ್ಲುಗಳ ಮೇಲೆ ನೀರೆರಚಿ ಆವಿ ಎಬ್ಬಿಸುವುದರಿಂದ ಇಲ್ಲಿ ತೇವಾಂಶ ಬಹಳ. ಸ್ನಾನದ ವೇಳೆ ಬಳಸಿದ ಗಾಳಿ ಸಾಮಾನ್ಯವಾಗಿ ಕೂರುವ ಹಲಗೆಗಳ ಕೆಳಗಿನ ಕಿಂಡಿಯಿಂದ ಹೊರಹೋಗುತ್ತದೆ. ಚಾವಣಿಯ ಬಳಿ ಇರುವ ಮತ್ತೊಂದು ಕಿಂಡಿಯನ್ನು ಆಗ ಮುಚ್ಚಿದ್ದು, ಸ್ನಾನ ಮುಗಿದ ಮೇಲೆ ಮರ ಒಣಗಲೆಂದು ತೆರೆಯುತ್ತಾರೆ.

ಮನೆ ಖಾಲಿ ಇರುವಾಗ

ವಿರಾಮಗೃಹಗಳು ವರ್ಷದ ಬಹುಭಾಗ ಜನರಿಲ್ಲದೆ ಇರುತ್ತವೆ. ಈ ಅವಧಿಯಲ್ಲಿ ಶಾಖವನ್ನು ತಗ್ಗಿಸುವುದು ಅಥವಾ ಪೂರ್ಣ ನಿಲ್ಲಿಸುವುದು ವಾಡಿಕೆ. ಉಷ್ಣತೆ ಇಳಿದಂತೆ ಅದೇ ತೇವಾಂಶಕ್ಕೆ ಸಾಪೇಕ್ಷ ಆರ್ದ್ರತೆ ಏರುತ್ತದೆ. ಗಾಳಿಕಿಂಡಿಗಳೂ ಮುಚ್ಚಿದ್ದರೆ ಹಾಸಿಗೆ, ಬಟ್ಟೆ, ಮೂಲೆಗಳಲ್ಲಿ ಬೂಷ್ಟು ವಾಸನೆ ಹಿಡಿಯುತ್ತದೆ. ಹೀಗಾಗಿ ಹೊರಡುವ ಮುನ್ನ ಸೌನಾ ಮತ್ತು ಸ್ನಾನಗೃಹಗಳನ್ನು ಒಣಗಿಸುವುದು, ಕಪಾಟು ಮತ್ತು ಒಳಬಾಗಿಲುಗಳನ್ನು ತೆರೆದಿಡುವುದು, ಗಾಳಿಕಿಂಡಿಗಳನ್ನು ಪೂರ್ಣ ಮುಚ್ಚದಿರುವುದು, ಯಾಂತ್ರಿಕ ವ್ಯವಸ್ಥೆಯಿದ್ದರೆ ಅದನ್ನು ಕಡಿಮೆ ವೇಗದಲ್ಲಿ ನಡೆಸುವುದು ಉಪಯುಕ್ತ ಕ್ರಮಗಳಾಗಿವೆ. ಮರಳಿ ಬಂದಾಗ ಮೊದಲು ಕಿಟಕಿಗಳನ್ನು ತೆರೆದು ಗಾಳಿಯಾಡಿಸಿ, ಹೊಗೆಗೂಡಿನ ಮುಚ್ಚಳ ತೆರೆದಿರುವುದನ್ನೂ ಅದರಲ್ಲಿ ಹಕ್ಕಿಗೂಡು ಮುಂತಾದ ಅಡೆತಡೆ ಇಲ್ಲದಿರುವುದನ್ನೂ ನೋಡಿಕೊಂಡ ಬಳಿಕವೇ ಒಲೆ ಹೊತ್ತಿಸಬೇಕು.