ಮುದಿ ನಾಯಿಯ ಕಾಲು ನೀವುವ ಕ್ರಮ

ತೋಟಕ್ಕೆ ನುಗ್ಗುವ ಮಂಗ, ಹಂದಿ ಓಡಿಸಲು ನಮಗೆ ನಾಯಿ ಬೇಕೇ ಬೇಕು. ಅದೇ ನಾಯಿ ಹತ್ತು ವರ್ಷ ದಾಟಿ, ಬೆಳಿಗ್ಗೆ ಏಳಲು ತಿಣುಕುವಾಗ ‘ಪ್ರಾಯ ಆಯ್ತು, ಇನ್ನೇನು ಮಾಡೋದು’ ಅಂತ ಸುಮ್ಮನಾಗುತ್ತೇವೆ. ಮಾಡಬಹುದಾದ್ದು ಇದೆ. ಖರ್ಚಿಲ್ಲ, ದಿನಕ್ಕೆ ಹತ್ತು ನಿಮಿಷ ಬಿಡುವು ಸಾಕು.

ಗಂಟುಗಳಲ್ಲಿ ಎಲುಬಿನ ತುದಿಗೆ ನುಣುಪಾದ ಮೃದು ಎಲುಬಿನ ಹೊದಿಕೆ ಇದೆ. ವಯಸ್ಸಾದಂತೆ ಅದು ಸವೆದು ಗಂಟು ನೋಯುತ್ತದೆ. ಮೊದಲೇ ನಾಯಿಯ ಮೈಭಾರದ ಸುಮಾರು ಶೇ. 60 ಭಾಗ ಮುಂಗಾಲುಗಳ ಮೇಲಿರುತ್ತದೆ. ಹಿಂಗಾಲು ನೋಯತೊಡಗಿದರೆ ಇದು ಇನ್ನೂ ಹೆಚ್ಚುತ್ತದೆ. ಹೆಗಲು, ಬೆನ್ನಿನ ಮಾಂಸಖಂಡ ಬಿಗಿಯುತ್ತದೆ, ಬಳಸದ ತೊಡೆ ಬಡಕಲಾಗುತ್ತದೆ. ನೀವಿದರೆ ಸವೆದ ಗಂಟು ಮತ್ತೆ ಹುಟ್ಟುವುದಿಲ್ಲ. ಬಿಗಿದ ಮಾಂಸ ಸಡಿಲಾಗಿ ಓಡಾಟ ಸಲೀಸಾಗುತ್ತದೆ, ಅಷ್ಟೆ.

ಯಾವಾಗ ನೀವಬಾರದು?

ಜ್ವರ, ಗಾಯ, ಬಾತು ಬಿಸಿಯಾದ ಗಂಟು, ಮುರಿದ ಎಲುಬು, ಗೆಡ್ಡೆ ಇದ್ದರೆ ಕೈ ಹಚ್ಚಬೇಡಿ. ಉಣ್ಣಿಯಿಂದ ಬರುವ ಜ್ವರದಲ್ಲೂ ನಾಯಿ ಕುಂಟುವುದುಂಟು. ಹಿಂಗಾಲು ಏಕಾಏಕಿ ಸೋತರೆ ಪಶುವೈದ್ಯರನ್ನೇ ಕರೆಯಬೇಕು. ಅದರ ಜೊತೆ ಜೊಲ್ಲು ಸುರಿಸುವುದು, ಸ್ವರ ಬದಲಾಗುವುದು, ನುಂಗಲಾಗದಿರುವುದು ಕಂಡರೆ ಮುಟ್ಟಲೇಬೇಡಿ. ಹುಚ್ಚುನಾಯಿ ರೋಗ ಹೀಗೂ ಬರುತ್ತದೆ. ಲಕ್ಷಣ ಕಂಡ ಮೇಲೆ ಅದಕ್ಕೆ ಮದ್ದಿಲ್ಲ. ಹಾಗಾಗಿ ಮುದಿ ನಾಯಿಗೂ ವರ್ಷ ವರ್ಷ ಲಸಿಕೆ ತಪ್ಪಿಸಬಾರದು.

ನೀವುವುದು ಹೇಗೆ?

1. ಊಟವಾದ ತಕ್ಷಣ ಬೇಡ. ನಾಯಿಯನ್ನು ಗೋಣಿಯ ಮೇಲೆ ಅದಕ್ಕೆ ಹಿತವಾದ ಮಗ್ಗುಲಲ್ಲಿ ಮಲಗಿಸಿ.

2. ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಬಿಗಿದ ಜಾಗಕ್ಕೆ ಐದು ನಿಮಿಷ ಶಾಖ ಕೊಡಿ. ನಿಮ್ಮ ಮುಂಗೈ ಒಳಭಾಗಕ್ಕೆ ಇಟ್ಟು ನೋಡಿ, ಬೆಚ್ಚಗಿದ್ದರೆ ಸಾಕು, ಸುಡಬಾರದು.

3. ಕುತ್ತಿಗೆಯಿಂದ ಸೊಂಟದವರೆಗೆ ಅಂಗೈಯಿಂದ ಮೆಲ್ಲ ಸವರಿ. ಬೆನ್ನುಮೂಳೆಯ ಮೇಲೆ ಒತ್ತಬೇಡಿ, ಅದರ ಎರಡೂ ಬದಿಯ ಮಾಂಸ ಮಾತ್ರ.

4. ಹೆಗಲು, ತೊಡೆಗಳನ್ನು ಚಪಾತಿ ಹಿಟ್ಟು ನಾದಿದಂತೆ, ಆದರೆ ಹಗುರವಾಗಿ ನಾದಿ. ಕಾಲನ್ನು ಪಾದದಿಂದ ಮೇಲಕ್ಕೆ ನೀವಿ.

5. ಕೊನೆಗೆ ಕಾಲನ್ನು ನಿಧಾನ ಮಡಚಿ, ಬಿಡಿಸಿ. ಐದಾರು ಸಲ ಸಾಕು. ಬಿಗಿ ತಾಗಿದಲ್ಲಿ ನಿಲ್ಲಿಸಿ, ಎಳೆಯಬೇಡಿ.

ನಾಯಿ ತಿರುಗಿ ನೋಡಿದರೆ, ತುಟಿ ನೆಕ್ಕಿದರೆ, ಮೈ ಬಿಗಿ ಹಿಡಿದರೆ ನೋಯುತ್ತಿದೆ ಅಂತ ಅರ್ಥ. ಗುರುಗುಟ್ಟುವವರೆಗೆ ಕಾಯಬೇಡಿ. ಹಿತವಾದರೆ ಉದ್ದ ಉಸಿರು ಬಿಟ್ಟು ಕಣ್ಣು ಮುಚ್ಚುತ್ತದೆ.

ಎಣ್ಣೆ ಬೇಕಿಲ್ಲ. ನಾವು ಹಚ್ಚುವ ನೋವಿನ ಮುಲಾಮು, ಕರ್ಪೂರದ ಎಣ್ಣೆ ಹಚ್ಚಲೇಬಾರದು. ನೆಕ್ಕಿದರೆ ವಿಷ. ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಯನ್ನೂ ಕೊಡಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಿ, ಮೂತ್ರಪಿಂಡ ಕೆಟ್ಟು ನಾಯಿ ಸಾಯಬಹುದು. ಅದಕ್ಕೆಂದೇ ಬೇರೆ ಮಾತ್ರೆಗಳಿವೆ, ವೈದ್ಯರನ್ನು ಕೇಳಿ.

ಮಳೆಗಾಲದಲ್ಲಿ ತಣ್ಣನೆ ಸಿಮೆಂಟಿನ ಮೇಲೆ ಮಲಗಿಸಿ ಬೆಳಿಗ್ಗೆ ನೀವಿದರೆ ಏನು ಬಂತು? ಒಣಗಿದ ಗೋಣಿ ನಾಲ್ಕು ಪದರ ಹಾಸಿ. ಮೈ ಬೆಳೆದಿದ್ದರೆ ಅನ್ನ ಕಡಿಮೆ ಮಾಡಿ. ದಿನಾ ಎರಡು ಹೊತ್ತು ತೋಟದಲ್ಲಿ ನಿಧಾನ ನಡೆಸಿ. ಬೇರೆ ಕ್ರಮ ಮಾಡಿ ಗುಣ ಕಂಡವರು ಪತ್ರಿಕೆಗೆ ಬರೆಯಿರಿ.